ಗಾಲಿ ಹಳೆಯದು, ಟಾಯರ್ ಹೊಸದು

"ಸರ, ಈ ನಂಬರಿನ ಟಾಯರ್ ಈಗ ಬರಂಗಿಲ್ರೀ. ಸ್ವಿಫ್ಟಿಗೆ ಹಾಕ್ತೀವಲ್ರೀ, ಅದನ್ನ ಹಾಕಿ ಕೊಡ್ತೀವಿ, ತಗೊಂಡು ಹೋಗ್ರಿ."

ಬಾಗಲಕೋಟೆಯ ನವನಗರವಿರಲಿ, ಇಳಕಲ್ಲಿನ ಹೆದ್ದಾರಿ ಬದಿಯಿರಲಿ, ಹಳೆಯ ಫಿಯಟ್ ಇಟ್ಟುಕೊಂಡವರು ಟಾಯರ್ ಅಂಗಡಿಗೆ ಹೋಗಿ 5.20-14 ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಇದೇ. ಅಂಗಡಿಯವರು ಹೇಳುವುದು ಸುಳ್ಳಲ್ಲ. ಸ್ವಿಫ್ಟಿನ ಕೆಳದರ್ಜೆಯ ಮಾದರಿಗಳಿಗೆ ಬರುವ 165/80 R14 ನಿಜವಾಗಿಯೂ ಫಿಯಟ್‌ಗೆ ಹತ್ತಿರದ ಅಳತೆ. ಆದರೆ ಅದು ದಾಸ್ತಾನಿನಲ್ಲಿ ಇಲ್ಲದ ದಿನ ಅದೇ ಅಂಗಡಿಯಲ್ಲಿ 165/65 R14 ತೋರಿಸುತ್ತಾರೆ, 175/65 R14 ತೋರಿಸುತ್ತಾರೆ. "ಹದಿನಾಲ್ಕೇ ಐತ್ರಿ, ಕುಂದ್ರತೈತಿ" ಎನ್ನುತ್ತಾರೆ. ಕುಂದ್ರುವುದೂ ನಿಜ. ಗಾಲಿಗೆ ಏರುವ ಟಾಯರೆಲ್ಲ ಕಾರಿಗೆ ಒಗ್ಗುವುದಿಲ್ಲ ಎಂಬುದನ್ನು ಮಾತ್ರ ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ.

ನಮ್ಮ ಕಡೆ 'ಫಿಯಟ್' ಎಂದೇ ಕರೆಸಿಕೊಳ್ಳುವ ಈ ಕಾರನ್ನು ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಮುಂಬೈನ ಕುರ್ಲಾದಲ್ಲಿ ತಯಾರಿಸುತ್ತಿತ್ತು. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಬಂದದ್ದು ಮುಂದೆ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಚಿತ್ತೋಡದ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. 1089 ಸಿಸಿ ಎಂಜಿನ್, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ಹಿಂದೆ ಪಟ್ಟಿ ಸ್ಪ್ರಿಂಗ್, ಖಾಲಿ ಕಾರಿನ ತೂಕ ಸುಮಾರು 900 ಕಿಲೊ. ಈ ಸಂಗತಿಗಳನ್ನು ನೆನಪಿನಲ್ಲಿಡಿ. ಟಾಯರ್ ಆರಿಸುವಾಗ ಒಂದೊಂದೂ ಲೆಕ್ಕಕ್ಕೆ ಬರುತ್ತದೆ. ಮುಂಬೈ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ 5.20-14 ಟಾಯರಿಗೆ ದೊಡ್ಡ ಗಿರಾಕಿ ಇತ್ತು. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳ ಕಾಲ ಅಲ್ಲಿ ಮುಗಿಯಿತು. ಈಗ ಆ ಅಳತೆಯನ್ನು ಕೇಳುವವರು ಮನೆಯ ಕಾರನ್ನು ಮಾರಲು ಮನಸ್ಸಾಗದೆ ಇಟ್ಟುಕೊಂಡ ನಮ್ಮಂಥವರು.

ಮೊದಲು ಆ ಅಂಕಿಗಳನ್ನು ಬಿಡಿಸೋಣ. 5.20 ಎಂದರೆ ಟಾಯರಿನ ಅಗಲ, ಇಂಚಿನಲ್ಲಿ. ಸುಮಾರು 132 ಮಿಲಿಮೀಟರ್. 14 ಎಂದರೆ ಟಾಯರ್ ಕೂರುವ ಡಿಸ್ಕಿನ ವ್ಯಾಸ. ಆ ಕಾಲದ ಟಾಯರಿನ ಪಕ್ಕೆಯ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತಿದ್ದುದರಿಂದ ಅದನ್ನು ಬೇರೆಯಾಗಿ ಬರೆಯುತ್ತಿರಲಿಲ್ಲ. ಗಾಳಿ ತುಂಬಿ ನಿಲ್ಲಿಸಿದಾಗ ಈ ಟಾಯರಿನ ಪೂರ್ತಿ ಎತ್ತರ ಸುಮಾರು 610 ಮಿಲಿಮೀಟರ್. ಕಾರಿನ ಗೇರು, ಸ್ಪೀಡೋಮೀಟರ್, ಮಡ್‌ಗಾರ್ಡಿನ ಕಮಾನು ಎಲ್ಲವೂ ಈ 610ನ್ನು ನಂಬಿಕೊಂಡು ತಯಾರಾದವು.

ಈಗಿನ ಟಾಯರಿನ ಲೆಕ್ಕ ಬೇರೆ. 165/80 R14ರಲ್ಲಿ 165 ಎಂದರೆ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಆ ಅಗಲದ ನೂರಕ್ಕೆ ಎಂಬತ್ತರಷ್ಟು ಪಕ್ಕೆಯ ಎತ್ತರ, ಅಂದರೆ 132. ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ, ಎರಡೂ ಸೇರಿ 264. ಅದಕ್ಕೆ 14 ಇಂಚಿನ ಡಿಸ್ಕಿನ 355.6 ಕೂಡಿಸಿದರೆ 620 ಹತ್ತಿರ ಬರುತ್ತದೆ. ಮೂಲಕ್ಕಿಂತ 10 ಮಿಲಿಮೀಟರ್ ಹೆಚ್ಚು, ನೂರಕ್ಕೆ ಎರಡೂ ಇಲ್ಲ. ಸ್ಪೀಡೋಮೀಟರ್ 60 ತೋರಿಸುವಾಗ ಕಾರು 61ರಲ್ಲಿ ಓಡುತ್ತಿರುತ್ತದೆ. ಚಿಂತೆಯಿಲ್ಲ.

ಇದೇ ಲೆಕ್ಕವನ್ನು 165/65 R14ಕ್ಕೆ ಹಾಕಿ ನೋಡಿ. 570 ಬರುತ್ತದೆ. ನಾಲ್ಕು ಸೆಂಟಿಮೀಟರ್ ಗಿಡ್ಡ. ಕಾರಿನ ಹೊಟ್ಟೆ ನೆಲಕ್ಕೆ 2 ಸೆಂಟಿಮೀಟರ್ ಹತ್ತಿರವಾಗುತ್ತದೆ, ಸ್ಪೀಡೋಮೀಟರ್ 60 ಎಂದಾಗ ಕಾರು 56ರಲ್ಲಿರುತ್ತದೆ, ಎಂಜಿನ್ ಮಾತ್ರ 60ರ ಶ್ರಮಪಡುತ್ತಿರುತ್ತದೆ. ನಲವತ್ತು ವರ್ಷ ದಾಟಿದ ಎಂಜಿನ್ನಿಗೆ ಹೆದ್ದಾರಿಯಲ್ಲಿ ದಿನವಿಡೀ ಈ ಶ್ರಮ ಕೊಡುವುದು ಒಳ್ಳೆಯದಲ್ಲ. ನೋಡುವುದಕ್ಕೂ ಕೆಡುಕು: ದೊಡ್ಡ ಕಮಾನಿನೊಳಗೆ ಸಣ್ಣ ಗಾಲಿ, ಅಪ್ಪನ ಚಪ್ಪಲಿ ಹಾಕಿಕೊಂಡ ಹುಡುಗನ ಕಾಲಿನ ಹಾಗೆ ಕಾಣುತ್ತದೆ.

155/80 R14 ಎಂಬ ಅಳತೆ ಲೆಕ್ಕದಲ್ಲಿ 604 ಆಗುತ್ತದೆ. ಅಗಲದಲ್ಲಿಯೂ ಮೂಲಕ್ಕೆ ಅದೇ ಹೆಚ್ಚು ಹತ್ತಿರ. ಸಿಕ್ಕರೆ ನನ್ನ ಮೊದಲ ಆಯ್ಕೆ ಇದು. ಆದರೆ 165/80ರಷ್ಟು ಸಲೀಸಾಗಿ ಸಿಗುವುದಿಲ್ಲ. ಹೇಳಿ ತರಿಸಬೇಕು, ಐದೂ ಒಟ್ಟಿಗೆ ತರಿಸಬೇಕು. 175/70 R14 ಎತ್ತರದಲ್ಲಿ ಸರಿಯಾಗಿಯೇ ಇದೆ, 601. ಅಲ್ಲಿ ತೊಡಕು ಬರುವುದು ಅಗಲದಲ್ಲಿ.

ಈ ಅಗಲದ ವಿಷಯಕ್ಕೆ ನಮ್ಮೂರ ಕಂಬಾರರ ಕೆಲಸವನ್ನು ನೆನೆಯುತ್ತೇನೆ. ಚಕ್ಕಡಿಯ ಗಾಲಿಗೆ ಹಳಿ ಏರಿಸುವುದನ್ನು ನೋಡಿದವರು ಈಗಲೂ ಈ ಜಿಲ್ಲೆಯಲ್ಲಿ ಸಾಕಷ್ಟು ಜನ ಇದ್ದಾರೆ. ಕಂಬಾರ ಮೊದಲು ಮರದ ಗಾಲಿಯ ಸುತ್ತಳತೆ ತೆಗೆಯುತ್ತಾನೆ. ಕಬ್ಬಿಣದ ಪಟ್ಟಿಯನ್ನು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇಟ್ಟು ಬಳೆ ಮಾಡುತ್ತಾನೆ, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ, ಹಿಗ್ಗಿದ ಬಳೆಯನ್ನು ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾನೆ. ಕುಗ್ಗಿದ ಹಳಿ ಗಾಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅತಿ ಸಣ್ಣದಾದರೆ ಅರಗಳು ಬಾಗುತ್ತವೆ, ದೊಡ್ಡದಾದರೆ ನಾಲ್ಕು ಹರದಾರಿಯೊಳಗೆ ಹಳಿ ಕಳಚಿ ಬೀಳುತ್ತದೆ. ಆತ ಗಾಲಿ ನೋಡಿ ಹಳಿ ಕೊಯ್ಯುತ್ತಾನೆಯೇ ಹೊರತು ಹಳಿ ಇದೆಯೆಂದು ಗಾಲಿಯನ್ನು ಹೊಂದಿಸಲು ಹೋಗುವುದಿಲ್ಲ. ರಬ್ಬರಿನ ಟಾಯರಿಗೂ ಇದೇ ಮಾತು ಸಲ್ಲುತ್ತದೆ. ಡಿಸ್ಕು ಏನು ಹೊರಬಲ್ಲದೋ ಅದನ್ನು ಕೇಳಿಕೊಂಡು ಟಾಯರ್ ತರಬೇಕು.

ಡಿಸ್ಕಿನ ಅಗಲ ಸಾಮಾನ್ಯವಾಗಿ ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಬಣ್ಣದ ಪದರ ಕೆರೆದರೆ ಕಾಣುತ್ತದೆ. ಕಾಣದಿದ್ದರೆ ಟಾಯರ್ ಬಿಚ್ಚಿ, ಟಾಯರಿನ ಅಂಚು ಕೂರುವ ಎರಡು ತುಟಿಗಳ ಒಳ ಅಂತರವನ್ನು ಅಳೆಯಿರಿ. ಹೊರಗಿನಿಂದ ಅಳೆದರೆ ತಪ್ಪು ಬರುತ್ತದೆ. 155/80 ಮತ್ತು 165/80 ಟಾಯರಿಗೆ ನಾಲ್ಕರಿಂದ ಐದೂವರೆ ಇಂಚಿನ ಡಿಸ್ಕ್ ನಡೆಯುತ್ತದೆ. 175/70 ಟಾಯರಿಗೆ ಐದು ಇಂಚಿನ ಆಸುಪಾಸು ಬೇಕು. ನಾಲ್ಕು ಇಂಚಿನ ಡಿಸ್ಕಿಗೆ ಅದನ್ನು ಏರಿಸಿದರೆ ಪಕ್ಕೆಗಳು ಹೊರಗೆ ಉಬ್ಬುತ್ತವೆ, ಬಟನ್ನಿನ, ಅಂದರೆ ಟಾಯರಿನ ಹಲ್ಲುಗಳ ಪಟ್ಟಿಯ, ನಡು ಮಾತ್ರ ನೆಲ ಮುಟ್ಟುತ್ತದೆ, ತಿರುವಿನಲ್ಲಿ ಟಾಯರ್ ಡಿಸ್ಕಿನ ಮೇಲೆ ಓಲಾಡುತ್ತದೆ. ಅಗಲವಾದ ಟಾಯರ್ ಹಾಕಿ ಹಿಡಿತ ಕಳೆದುಕೊಳ್ಳುವುದು ಎಂದರೆ ಇದೇ. ಮೇಲಾಗಿ ಫಿಯಟ್‌ಗೆ ಪವರ್ ಸ್ಟೀರಿಂಗ್ ಇಲ್ಲ. ಬಾದಾಮಿಯ ಬಜಾರದಲ್ಲಿ ಕಾರು ಹೊರಳಿಸುವಾಗ ಅಗಲದ ಟಾಯರಿನ ಭಾರ ತೋಳಿಗೆ ತಿಳಿಯುತ್ತದೆ, ತೋಳಿಗಿಂತ ಮೊದಲು ಕಿಂಗ್‌ಪಿನ್ನಿಗೆ ತಿಳಿಯುತ್ತದೆ.

165 ಹಾಕಿಸಿದ ಮೇಲೂ ಒಂದು ಪರೀಕ್ಷೆ ಬಾಕಿಯಿದೆ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂಡಿಸಿ. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಮುಂದಿನ ಟಾಯರ್ ಎಲ್ಲಿಯಾದರೂ ತಾಗುತ್ತದೆಯೇ ನೋಡಿ. ಹಿಂದಿನ ಟಾಯರಿಗೂ ಒಳಗಿನ ತಗಡಿಗೂ ನಡುವೆ ಬೆರಳು ಸಲೀಸಾಗಿ ಹೋಗಬೇಕು. ಪಟ್ಟಿ ಸ್ಪ್ರಿಂಗ್ ಜೋತುಬಿದ್ದ ಕಾರಿನಲ್ಲಿ ಹೋಗುವುದಿಲ್ಲ. ಆಗ ರಿಪೇರಿ ಬೇಕಿರುವುದು ಸ್ಪ್ರಿಂಗಿಗೆ.

ನೈಲಾನ್ ಬೇಕೋ ರೇಡಿಯಲ್ ಬೇಕೋ ಎಂಬ ಪ್ರಶ್ನೆಗೆ ಬರುತ್ತೇನೆ. ನಮ್ಮ ಮೇಸ್ತ್ರಿಗಳು ನೈಲಾನ್ ಎನ್ನುವುದು ಹಳೆಯ ಬಗೆಯ ಟಾಯರಿಗೆ: ಒಳಗಿನ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ, ಮಂಚದ ನವಾರಿನ ಹಾಗೆ ಅಡ್ಡಾದಿಡ್ಡಿ ಹಾಯ್ದಿರುತ್ತವೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹೋಗುತ್ತವೆ, ಬಟನ್ನಿನ ಕೆಳಗೆ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಫ್ರಾನ್ಸಿನ ಮಿಷೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ನಮ್ಮ ದೇಶದಲ್ಲಿ ಜೆ.ಕೆ. ಟೈರ್ 1977ರಲ್ಲಿ ತಯಾರಿಕೆ ಶುರುಮಾಡಿತು. ಮೈಸೂರಿನ ಮೇಟಗಳ್ಳಿಯ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಸೇರಿದ್ದು ಇದೇ ಜೆ.ಕೆ. ಬಳಗವನ್ನು. ಪದ್ಮಿನಿ ಹುಟ್ಟಿದ್ದು ನೈಲಾನ್ ಕಾಲದಲ್ಲಿ. ಅದರ ಸ್ಟೀರಿಂಗು, ಸ್ಪ್ರಿಂಗು ಎಲ್ಲವೂ ಆ ಮೆತ್ತನೆಯ, ತುಸು ಜಾರುವ ಟಾಯರಿಗೆ ಹೊಂದಿದಂಥವು.

ಹಾಗಾದರೆ ನೈಲಾನೇ ಸರಿಯಲ್ಲವೇ? ಕಾರು ಮನೆಯ ಅಂಗಳದಲ್ಲಿ ನಿಂತು ಹಬ್ಬಹರಿದಿನಕ್ಕೆ ಊರೊಳಗೆ ಒಂದು ಸುತ್ತು ಹೋಗಿಬರುವುದಾದರೆ, ಮತ್ತು ಹೊಸ ತಾರೀಖಿನ ಟಾಯರ್ ಸಿಕ್ಕರೆ, ಸರಿಯೇ. ಮೂಲರೂಪಕ್ಕೆ ಅದಕ್ಕಿಂತ ಒಪ್ಪುವ ಟಾಯರ್ ಬೇರೆ ಇಲ್ಲ. ಆದರೆ ನಿಂತಲ್ಲೇ ನಿಂತ ನೈಲಾನ್ ಟಾಯರಿನ ಅಡಿ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಹೊರಟರೆ ಒಂದೆರಡು ಕಿಲೊಮೀಟರ್ ದಡದಡ ಎನ್ನುತ್ತದೆ. ರಸ್ತೆಯ ಉದ್ದುದ್ದದ ಗೀರುಗಳನ್ನು ಹಿಡಿದು ಎಳೆಯುತ್ತದೆ. ಮಳೆಯಲ್ಲಿ ಹಿಡಿತ ಕಡಿಮೆ. ಬಾಗಲಕೋಟೆಯಿಂದ ಹುನಗುಂದಕ್ಕೆ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಇಳಕಲ್‌ಗೆ ಹೋಗಿಬರುವ ಕಾರಾದರೆ ನಾನು ರೇಡಿಯಲ್ ಎಂದೇ ಹೇಳುತ್ತೇನೆ. ಚತುಷ್ಪಥದಲ್ಲಿ ಗ್ರಾನೈಟ್ ಲಾರಿಗಳ ನಡುವೆ 70ರ ವೇಗದಲ್ಲಿ ನೇರ ಹೋಗುವ ಟಾಯರ್ ಬೇಕು.

ಒಂದು ಮಾತಿನಲ್ಲಿ ಮಾತ್ರ ರಾಜಿಯಿಲ್ಲ. ಒಂದೇ ಅಚ್ಚಿನ ಎರಡು ತುದಿಗೆ ಒಂದು ನೈಲಾನ್, ಒಂದು ರೇಡಿಯಲ್ ಎಂದಿಗೂ ಬೇಡ. ಅನಿವಾರ್ಯವಾಗಿ ಎರಡೇ ರೇಡಿಯಲ್ ಕೊಳ್ಳುವುದಾದರೆ ಅವು ಹಿಂದಕ್ಕೆ ಹೋಗಬೇಕು. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದರೆ ತಿರುವಿನಲ್ಲಿ ಮುಂಭಾಗ ಹಿಡಿದುಕೊಳ್ಳುತ್ತದೆ, ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ. "ಮುಂದಿನ್ವು ಜಲ್ದಿ ಸವೀತಾವ, ಹೊಸಾವು ಮುಂದ ಹಾಕೂಣ್ರಿ" ಎಂಬ ಸಲಹೆಯನ್ನು ಈ ಒಂದು ಸಂದರ್ಭದಲ್ಲಿ ಒಪ್ಪಲೇಬೇಡಿ.

ಮುಂದಿನದು ಟ್ಯೂಬಿನ ಸಮಸ್ಯೆ. ಈಗ ಅಂಗಡಿಯಲ್ಲಿರುವ ರೇಡಿಯಲ್‌ಗಳೆಲ್ಲ ಹೆಚ್ಚುಕಡಿಮೆ ಟ್ಯೂಬ್‌ಲೆಸ್. ಈಗಿನ ಡಿಸ್ಕಿನ ಒಳಗೆ ಟಾಯರಿನ ಅಂಚು ಜಾರದಂತೆ ತಡೆಯುವ ಒಂದು ಸಣ್ಣ ದಿಬ್ಬ ಇರುತ್ತದೆ. ಟ್ಯೂಬಿನ ಕಾಲದ ಹಳೆಯ ಡಿಸ್ಕಿನಲ್ಲಿ ಅದು ಇರುವುದಿಲ್ಲ. ಗಾಳಿ ಕಡಿಮೆಯಾದ ಟಾಯರ್ ತಿರುವಿನಲ್ಲಿ ಅಂಚಿನಿಂದ ಜಾರಿದರೆ ಇದ್ದ ಗಾಳಿಯೆಲ್ಲ ಒಮ್ಮೆಲೇ ಹೋಗುತ್ತದೆ. ರಿವೆಟ್ ಹೊಡೆದ ಡಿಸ್ಕಾದರೆ ರಿವೆಟ್ಟಿನ ಸಂದಿಯಿಂದಲೂ ಗಾಳಿ ಸೋರುತ್ತದೆ. ಆದ್ದರಿಂದ ಹಳೆಯ ಡಿಸ್ಕಿಗೆ ಟ್ಯೂಬ್ ಹಾಕಲೇಬೇಕು. ಹಳೆಯ ಟ್ಯೂಬ್ ಬೇಡ, ಹೊಸದು. ರೇಡಿಯಲ್‌ಗೆ ಆಗುತ್ತದೆ ಎಂದು ಅದರ ಮೇಲೆಯೇ ಬರೆದಿರುವಂಥದ್ದು, ಟಾಯರಿನ ಅಳತೆಗೆ ಸರಿಹೊಂದುವಂಥದ್ದು. ಏರಿಸುವ ಮೊದಲು ಟಾಯರಿನ ಒಳಗೆ ಅಂಟಿಸಿದ ಕಾಗದದ ಚೀಟಿಗಳನ್ನು ಕಿತ್ತು ಹಾಕಿಸಿ, ಇಲ್ಲದಿದ್ದರೆ ಅದರ ಅಂಚೇ ತಿಕ್ಕಿ ತಿಕ್ಕಿ ಟ್ಯೂಬನ್ನು ತೂತು ಮಾಡುತ್ತದೆ. ಒಳಗೆ ಪೌಡರ್ ಉದುರಿಸಿ ಕೂಡಿಸಬೇಕು. ಅವಸರದಲ್ಲಿ ಇವೆರಡೂ ತಪ್ಪಿಹೋಗುವ ಕೆಲಸಗಳು, ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಿ.

ಟ್ಯೂಬಿನಿಂದ ನಮ್ಮ ಕಡೆ ಒಂದು ಅನುಕೂಲವೂ ಇದೆ. ಬಳ್ಳಾರಿ ಜಾಲಿಯ ಮುಳ್ಳು ಎಲ್ಲಿ ಚುಚ್ಚಿದರೂ ಅಮೀನಗಡವೋ ಕಮತಗಿಯೋ ಹತ್ತಿರದ ಪಂಚರ್ ಅಂಗಡಿಯಲ್ಲಿ ಟ್ಯೂಬ್ ತೆಗೆದು ಪ್ಯಾಚ್ ಹಾಕಿ ಕೊಡುತ್ತಾರೆ. ಅನಾನುಕೂಲ ಇಷ್ಟು: ಟ್ಯೂಬ್ ಪಂಚರಾದರೆ ಗಾಳಿ ಸರ್ರನೆ ಹೋಗುತ್ತದೆ, ಮುಂದಿನ ಊರಿನವರೆಗೆ ಓಡಿಸಿಕೊಂಡು ಹೋಗಲಾಗದು. ಜಾಕಿ, ಪಾನಾ, ಸ್ಟೆಪ್ನಿ ಮೂರೂ ಕಾರಿನಲ್ಲಿರಲೇಬೇಕು.

ಅಂಗಡಿಯಲ್ಲಿ 165 R14 ಎಂದು ಬರೆದು ಅದರ ಮುಂದೆ LT ಎಂದೋ 8PR ಎಂದೋ ಇರುವ ಟಾಯರ್ ತೋರಿಸಿದರೆ ಬೇಡ ಎನ್ನಿ. ಅದು ಸಣ್ಣ ಸರಕು ವಾಹನಗಳಿಗೆ ಬರುವಂಥದ್ದು. ಬಾಳಿಕೆ ಬರುತ್ತದೆ ಎಂದು ಹೇಳುತ್ತಾರೆ, ಬರುತ್ತದೆ ಕೂಡ. ಆದರೆ ಒಂದು ಟನ್ ಹೇರಿಗೆಂದು ಮಾಡಿದ ಗಟ್ಟಿ ಪಕ್ಕೆ 900 ಕಿಲೊ ಕಾರಿನ ಕೆಳಗೆ ಬಾಗುವುದೇ ಇಲ್ಲ. ಪ್ರತಿ ಹಂಪೂ ಬೆನ್ನುಮೂಳೆಗೆ ಬಂದು ತಾಗುತ್ತದೆ. ಟಾಯರಿನ ಅಳತೆಯ ಪಕ್ಕದಲ್ಲಿ 85T ಎಂಬಂಥ ಗುರುತಿರುತ್ತದೆ. 85 ಎಂದರೆ ಒಂದು ಟಾಯರ್ 515 ಕಿಲೊ ಹೊರಬಲ್ಲದು, T ಎಂದರೆ ಗಂಟೆಗೆ 190 ಕಿಲೊಮೀಟರ್ ವೇಗ ತಡೆದುಕೊಳ್ಳಬಲ್ಲದು. ಐದು ಜನ ಕೂತ ಪದ್ಮಿನಿಯ ಒಂದು ಗಾಲಿಯ ಮೇಲೆ ಬೀಳುವ ಭಾರ ಇದಕ್ಕಿಂತ ಬಹಳ ಕಡಿಮೆ. ಐಎಸ್‌ಐ ಮುದ್ರೆ ಇದೆಯೇ ನೋಡಿಕೊಳ್ಳಿ. ಕಾರಿನ ಟಾಯರಿಗೆ ಅದರ ಮೇಲ್ಗಡೆ IS 15633 ಎಂದಿರುತ್ತದೆ.

ಇನ್ನು ನಾನು ಈ ಲೇಖನ ಬರೆಯಲು ಕಾರಣವಾದ ಸಂಗತಿ. ಒಂದು ಮೇ ತಿಂಗಳ ಮಧ್ಯಾಹ್ನ ಹುನಗುಂದ ದಾಟಿದ ಮೇಲೆ ಪಂಚರಾಯಿತು. ಸ್ಟೆಪ್ನಿ ತೆಗೆದೆ. ಬಟನ್ ಹೊಸದರಂತೆ ಇತ್ತು, ರಬ್ಬರಿನ ಮೀಸೆಗಳೂ ಉದುರಿರಲಿಲ್ಲ. ಹಾಕಿಕೊಂಡು ಹೊರಟೆ. ಹತ್ತು ಕಿಲೊಮೀಟರ್ ಹೋಗಿರಬೇಕು, ಹಿಂದಿನಿಂದ ಬಾಗಿಲು ಬಡಿದಂತೆ ಸದ್ದು. ಬಟನ್ನಿನ ಪಟ್ಟಿಯೇ ಟಾಯರಿನಿಂದ ಎದ್ದು ಮಡ್‌ಗಾರ್ಡಿಗೆ ಬಡಿಯುತ್ತಿತ್ತು. ವೇಗ ಕಡಿಮೆಯಿತ್ತು, ಬದಿಗೆ ಹಚ್ಚಿದೆ, ಮನೆಯವರಿಗೆ ಏನೂ ಆಗಲಿಲ್ಲ. ಆಮೇಲೆ ಟಾಯರಿನ ಪಕ್ಕೆ ಒರೆಸಿ ನೋಡಿದರೆ ತಯಾರಿಕೆಯ ಗುರುತಿನಲ್ಲಿ ಮೂರೇ ಅಂಕಿ. ಅಂದರೆ ಅದು 2000ಕ್ಕಿಂತ ಹಿಂದಿನ ಟಾಯರ್. ಹಿಂದಿನ ಶತಮಾನದ ಆ ರಬ್ಬರನ್ನು ನಾನು ಹೊಸದೆಂದು ನಂಬಿಕೊಂಡು ಬಂದಿದ್ದೆ.

2000ದಿಂದೀಚೆಗೆ ಈ ಗುರುತಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಎಂದರೆ 2024ರ 23ನೇ ವಾರ, ಜೂನ್ ತಿಂಗಳು. ಪಕ್ಕೆಯ ಒಂದು ಬದಿಗೆ ಮಾತ್ರ ಇರುವುದೂ ಉಂಟು, ಕಾಣದಿದ್ದರೆ ಕಾರಿನ ಕೆಳಗೆ ಬಗ್ಗಿ ಒಳಬದಿಯಲ್ಲಿ ಹುಡುಕಿ. ನಿತ್ಯ ಓಡುವ ಕಾರಿನ ಟಾಯರ್ ಸವೆದು ಸಾಯುತ್ತದೆ. ನಮ್ಮ ಹಳೆಯ ಕಾರುಗಳು ವರ್ಷಕ್ಕೆ ಸಾವಿರ ಕಿಲೊಮೀಟರ್ ಓಡಿದರೆ ಹೆಚ್ಚು. ಅವುಗಳ ಟಾಯರ್ ಮುಪ್ಪಿನಿಂದ ಸಾಯುತ್ತದೆ. ಬಿಸಿಲು, ಶಾಖ, ಗಾಳಿಯಲ್ಲಿನ ಓಝೋನ್ ಸೇರಿ ರಬ್ಬರಿನ ಜೀವ ಹೀರುತ್ತವೆ. ಕಾನೂನಿನ ಪ್ರಕಾರ ಕಾರಿನ ಟಾಯರಿನಲ್ಲಿ ಕನಿಷ್ಠ 1.6 ಮಿಲಿಮೀಟರ್ ಬಟನ್ ಇರಬೇಕು, ಅದನ್ನು ಅಳೆಯುವುದು ಸುಲಭ. ಮುಪ್ಪನ್ನು ಅಳೆಯಲು ಅಂಥ ಕಡ್ಡಿಯಿಲ್ಲ. ಐದು ವರ್ಷ ಕಳೆದ ಮೇಲೆ ಪ್ರತಿ ವರ್ಷ ಪರೀಕ್ಷಿಸಿ, ಹತ್ತು ವರ್ಷಕ್ಕೆ ಬಟನ್ ಎಷ್ಟೇ ಇರಲಿ ತೆಗೆದುಹಾಕಿ ಎಂದು ದೊಡ್ಡ ಟಾಯರ್ ಕಂಪನಿಗಳೇ ಹೇಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ, ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುವ ನಮ್ಮ ಜಿಲ್ಲೆಯಲ್ಲಿ ನಾನು ಹತ್ತರವರೆಗೆ ಕಾಯುವುದಿಲ್ಲ. ಏಳಕ್ಕೆ ತೆಗೆಯುತ್ತೇನೆ. ಪಕ್ಕೆಯಲ್ಲಿ ಒಣಗಿದ ಕೆರೆಯಂತೆ ಸಣ್ಣ ಬಿರುಕು ಕಂಡರೆ ಅದಕ್ಕೂ ಮೊದಲೇ.

ಅಪರೂಪದ ಅಳತೆಯನ್ನು ಹುಡುಕುವಾಗ ಈ ತಾರೀಖಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಯಾವುದೋ ಅಂಗಡಿಯ ಅಟ್ಟದ ಮೇಲೆ 5.20-14 ಸಿಕ್ಕಿತು, ಕಾಗದದ ಸುತ್ತು ಹಾಗೇ ಇದೆ ಎಂದರೆ ಮನಸ್ಸು ಕುಣಿಯುತ್ತದೆ. ಕಾಗದ ಬಿಚ್ಚಿಸಿ ಅಂಕಿ ಓದಿ. ಹಳೆಯದಾದರೆ ಅದನ್ನು ಪ್ರದರ್ಶನಕ್ಕೆ ನಿಲ್ಲಿಸುವ ಕಾರಿಗೆ ಹಾಕಬಹುದು, ಮಕ್ಕಳನ್ನು ಕೂಡಿಸಿಕೊಂಡು ಹೋಗುವ ಕಾರಿಗಲ್ಲ. ರಿಸೋಲ್ ಮಾಡಿದ ಟಾಯರ್ ಕೂಡ ಬೇಡ.

ಕಾರನ್ನು ನಿಲ್ಲಿಸುವ ಜಾಗ ನೋಡಿ. ಪಡುವಣ ಬಿಸಿಲು ದಿನವೂ ಒಂದೇ ಬದಿಯ ಎರಡು ಟಾಯರಿಗೆ ಬೀಳುತ್ತಿದ್ದರೆ ಗೋಣಿಚೀಲ ಇಳಿಬಿಡಿ. ಡೀಸೆಲ್, ಆಯಿಲ್ ಚೆಲ್ಲಿದ ನೆಲದ ಮೇಲೆ ನಿಲ್ಲಿಸಬೇಡಿ. ತಿಂಗಳಿಗೊಮ್ಮೆಯಾದರೂ ಹತ್ತು ಕಿಲೊಮೀಟರ್ ಓಡಿಸಿ. ಓಡಿದಾಗಲೇ ರಬ್ಬರಿನೊಳಗಿನ ರಕ್ಷಕ ಮೇಣ ಮೇಲೆ ಬಂದು ಪಕ್ಕೆಯನ್ನು ಕಾಯುತ್ತದೆ.

ಗಾಳಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಪೆಟ್ರೋಲ್ ಬಂಕಿನ ಹುಡುಗ ಎಲ್ಲ ಕಾರಿಗೂ 35 ಹೊಡೆಯುತ್ತಾನೆ. ಹಗುರವಾದ ಹಳೆಯ ಕಾರಿಗೆ ಅದು ಹೆಚ್ಚು. ನಿಮ್ಮ ಕಾರಿನ ಕೈಪಿಡಿಯಲ್ಲಿ ನೈಲಾನ್ ಟಾಯರಿಗೆ ಹೇಳಿದ ಅಂಕಿಯಿಂದ ಆರಂಭಿಸಿ, ರೇಡಿಯಲ್ ಹಾಕಿದ್ದರೆ ಅದಕ್ಕೆ ಎರಡರಿಂದ ನಾಲ್ಕು ಪೌಂಡ್ ಸೇರಿಸಿ. ಆಮೇಲೆ ಸೀಮೆಸುಣ್ಣದಿಂದ ಪರೀಕ್ಷಿಸಿ: ಬಟನ್ನಿನ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪಗೆ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ನವನಗರದ ಅಗಲ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ನಡುವೆ ಮಾತ್ರ ಸುಣ್ಣ ಅಳಿಸಿದರೆ ಗಾಳಿ ಹೆಚ್ಚಾಗಿದೆ, ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆಯಾಗಿದೆ. ಇನ್ನೊಂದು ವಿಧಾನ: ಬೆಳಿಗ್ಗೆ ತಣ್ಣಗಿರುವಾಗ ಅಳೆದುಕೊಳ್ಳಿ, ಅರ್ಧ ಗಂಟೆ ಓಡಿಸಿ ಮತ್ತೆ ಅಳೆಯಿರಿ. ನಾಲ್ಕು ಪೌಂಡಿಗಿಂತ ಹೆಚ್ಚು ಏರಿದ್ದರೆ ಟಾಯರ್ ಅತಿಯಾಗಿ ಬಾಗಿ ಕಾಯುತ್ತಿದೆ ಎಂದರ್ಥ, ಮರುದಿನ ತಣ್ಣಗಿದ್ದಾಗ ಎರಡು ಪೌಂಡ್ ಹೆಚ್ಚಿಸಿ. ಕಾದ ಟಾಯರಿನಿಂದ ಗಾಳಿ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಅದನ್ನು ಮಾಡಬೇಡಿ. ಸಂಜೆ ತಣ್ಣಗಾದಾಗ ಗಾಳಿ ಕಡಿಮೆಯಾಗಿ ಕೂತಿರುತ್ತದೆ, ಮರುದಿನ ಇನ್ನಷ್ಟು ಕಾಯುತ್ತದೆ.

ನಮ್ಮ ರಸ್ತೆಗಳೂ ಎತ್ತರದ ಪಕ್ಕೆಯ ಟಾಯರನ್ನೇ ಕೇಳುತ್ತವೆ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗೆ ಹೋಗುವ ದಾರಿಯಲ್ಲಿ ಎದುರಿಗೆ ಪ್ರವಾಸಿ ಬಸ್ಸು ಬಂದರೆ ಎಡಗಡೆಯ ಗಾಲಿ ಡಾಂಬರಿನಿಂದ ಇಳಿಯಬೇಕಾಗುತ್ತದೆ. ಮುಧೋಳ, ಲೋಕಾಪುರ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳದೂ ಇದೇ ಕಥೆ. ಡಾಂಬರಿನ ಚೂಪಾದ ಅಂಚು ಕುಯ್ಯುವುದು ಪಕ್ಕೆಯನ್ನೇ, ಪಕ್ಕೆಯ ಗಾಯಕ್ಕೆ ಪ್ಯಾಚ್ ಹಾಕುವಂತಿಲ್ಲ. 80ರ ಪಕ್ಕೆಗೆ ಬಾಗಿ ತಪ್ಪಿಸಿಕೊಳ್ಳಲು ಜಾಗ ಇರುತ್ತದೆ, 65ರ ಪಕ್ಕೆಗೆ ಇರುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಹತ್ತಿರ ಓಡಾಡುವವರು ವಾರಕ್ಕೊಮ್ಮೆ ಬಟನ್ನಿನ ಗೀರಿನಲ್ಲಿ ಸಿಕ್ಕ ಕಲ್ಲಿನ ಚೂರುಗಳನ್ನು ಸ್ಕ್ರೂ ಡ್ರೈವರಿನಿಂದ ಕೀಳಬೇಕು. ಬಿಟ್ಟರೆ ಒಳಗೆ ಕೊರೆಯುತ್ತಾ ಹೋಗುತ್ತವೆ. ಎರಿ ಮಣ್ಣಿನ ದಾರಿಗೆ ಮಳೆ ಬಿದ್ದ ಮೇಲೆ ಫಿಯಟ್ ಇಳಿಸಬೇಡಿ. ಯಾವ ಟಾಯರೂ ಅಲ್ಲಿ ನಿಲ್ಲುವುದಿಲ್ಲ.

ಇನ್ನು ಅಂದದ ಮಾತು. ಹಳೆಯ ಕಾರಿನ ಚೆಲುವು ಅರ್ಧ ಅದರ ಗಾಲಿಯಲ್ಲಿದೆ: ಬಣ್ಣ ಹಚ್ಚಿದ ಉಕ್ಕಿನ ಡಿಸ್ಕ್, ನಡುವೆ ಹೊಳೆಯುವ ಕ್ರೋಮ್ ಕಪ್, ಅದರ ಸುತ್ತ ಎತ್ತರದ ಕರಿ ರಬ್ಬರು. ಡಿಸ್ಕನ್ನು ಮರಳು ಹೊಡೆಸಿ ಬಣ್ಣ ಹಾಕಿಸುವುದಾದರೆ ಮೊದಲು ಬೋಲ್ಟ್ ತೂತುಗಳ ಸುತ್ತ ಬಿರುಕು ಇದೆಯೇ ಹುಡುಕಿ. ಬೋಲ್ಟು ಕೂರುವ ಜಾಗಕ್ಕೆ ಪೌಡರ್ ಕೋಟಿಂಗಿನ ದಪ್ಪ ಪದರ ಬೇಡ. ಅದು ಒತ್ತಿಕೊಂಡಂತೆಲ್ಲ ಬಿಗಿ ಸಡಿಲಾಗುತ್ತದೆ. ಏನೇ ಆಗಲಿ, ಗಾಲಿ ಬಿಚ್ಚಿ ಹಾಕಿದ ಮೇಲೆ 50 ಕಿಲೊಮೀಟರ್ ಓಡಿದ ನಂತರ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು. ಜಾಕಿ ಏರಿಸಿ ಗಾಲಿ ತಿರುಗಿಸಿ, ಅಂಚಿನ ಪಕ್ಕ ಕಡ್ಡಿ ಹಿಡಿದರೆ ಡಿಸ್ಕ್ ಸೊಟ್ಟಗಿರುವುದು ಕಣ್ಣಿಗೆ ಕಾಣುತ್ತದೆ. ಸೊಟ್ಟ ಡಿಸ್ಕಿಗೆ ಹೊಸ ಟಾಯರ್ ಹಾಕಿ ಬ್ಯಾಲೆನ್ಸಿಂಗ್ ಮಾಡಿಸುವುದು ದುಡ್ಡು ದಂಡ.

ಬಿಳಿ ಪಟ್ಟಿಯ ಟಾಯರ್ ಆಸೆ ಹಲವರಿಗಿದೆ. ಟಾಯರಿಗೂ ಡಿಸ್ಕಿಗೂ ನಡುವೆ ಸಿಕ್ಕಿಸುವ ಬಿಳಿ ರಬ್ಬರಿನ ಬಳೆಗಳು ಸಿಗುತ್ತವೆ. ರೇಡಿಯಲ್‌ನ ಪಕ್ಕೆ ಓಡುವಾಗ ಸದಾ ಉಬ್ಬಿ ತಗ್ಗುತ್ತಿರುತ್ತದೆ; ಬಳೆಯ ಹಿಂದೆ ಸೇರಿದ ನಮ್ಮ ಧೂಳು ಅದನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಮದುವೆಯ ಮೆರವಣಿಗೆಗೆ ಹಾಕಿ, ಮರುದಿನ ತೆಗೆಯಿರಿ. ಅಲಾಯ್ ಗಾಲಿ ಬೇಕೇ ಬೇಕು ಎನ್ನುವವರು ಅರವತ್ತರ ದಶಕದ ಎಂಟು ಕಡ್ಡಿಯ ಮಿನಿಲೈಟ್ ಮಾದರಿಯನ್ನು ಹುಡುಕುತ್ತಾರೆ. ಇಂಗ್ಲೆಂಡಿನ ಮಿನಿ ಕಾರಿಗೆ ಹೆಸರು ತಂದ ಗಾಲಿ ಅದು, ಚೆನ್ನಾಗಿಯೇ ಕಾಣುತ್ತದೆ. ಆದರೆ ಬೋಲ್ಟುಗಳ ಅಂತರ, ನಡುವಿನ ರಂಧ್ರ, ಗಾಲಿ ಎಷ್ಟು ಹೊರಗೆ ಕೂರುತ್ತದೆ ಎಂಬುದು, ಬೋಲ್ಟಿನ ತಲೆಯ ಕೋನ, ನಾಲ್ಕೂ ಹೊಂದಬೇಕು. ಮೂರು ಹೊಂದಿ ಒಂದು ಹೊಂದದಿದ್ದರೂ ಬಿಟ್ಟುಬಿಡಿ. ತೂತುಗಳನ್ನು ಕೊರೆದು ಹಿಗ್ಗಿಸಿ ಕೂಡಿಸಿಕೊಡುತ್ತೇವೆ ಎನ್ನುವವರಿಗೆ ಕಾರು ಕೊಡಬೇಡಿ. ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 50 ವರ್ಷ ದಾಟಿದ ವಾಹನಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ನಿಯಮಗಳಲ್ಲಿಯೂ ವಾಹನ ಮೂಲರೂಪದಲ್ಲಿರಬೇಕು. ಡಿಲೈಟ್ ಇದ್ದವರು ಮೂಲ ಡಿಸ್ಕುಗಳನ್ನು ಗುಜರಿಗೆ ಹಾಕಬಾರದು.

ಬೇರೆ ಕಾರಿನವರಿಗೆ ಎರಡು ಮಾತು. ಬೇಬಿ ಹಿಂದುಸ್ತಾನ್ ಎಂದು ಇಲ್ಲಿ ಮಾರಾಟವಾದ ಮಾರಿಸ್ ಮೈನರ್‌ಗೂ 14 ಇಂಚಿನ ಗಾಲಿಯೇ: ಮೊದಲು 5.00-14, ಬಹಳ ಮುಂದೆ 5.20-14. ಅದಕ್ಕೆ 155ಕ್ಕಿಂತ ಅಗಲ ಬೇಡ. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ 5.20-13; ಸುಲಭವಾಗಿ ಸಿಗುವ 155/80 R13 ಎತ್ತರದಲ್ಲಿ ಅದಕ್ಕೆ ಬಹಳ ಹತ್ತಿರ, ಡಿಸ್ಕಿನ ಅಗಲ ನೋಡಿಕೊಂಡು ಹಾಕಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಈಗ ಜೋಪಾನದ ಕಾರಾಗಿದೆ. ಅದರ 12 ಇಂಚಿನ ಗಾಲಿಗೆ 145/70 ಮತ್ತು 145/80 ಎರಡನ್ನೂ ಕೊಡುತ್ತಾರೆ. ಎರಡರ ನಡುವೆ 29 ಮಿಲಿಮೀಟರ್ ವ್ಯತ್ಯಾಸವಿದೆ, ಕೈಪಿಡಿಯಲ್ಲಿ ಯಾವುದಿದೆಯೋ ಅದನ್ನೇ ನಾಲ್ಕೂ ಕಡೆ ಹಾಕಿ.

ಹೊಸ ಟಾಯರ್ ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಆ ಯಂತ್ರದ ಕಂಪ್ಯೂಟರಿನಲ್ಲಿ ಪದ್ಮಿನಿಯ ಹೆಸರು ಇರುವುದು ಅಪರೂಪ. ಕೈಪಿಡಿಯ ಪುಟದ ಫೋಟೊ ತೆಗೆದುಕೊಂಡು ಹೋಗಿ. ಅದಕ್ಕೆ ಮೊದಲು ಕಿಂಗ್‌ಪಿನ್, ಸ್ಟೀರಿಂಗಿನ ಕೀಲುಗಳಲ್ಲಿ ಆಟವಿದ್ದರೆ ಸರಿಪಡಿಸಿ, ಇಲ್ಲದಿದ್ದರೆ ಆ ಅಲೈನ್‌ಮೆಂಟ್ ಅಂಗಡಿಯ ಬಾಗಿಲು ದಾಟುವುದರೊಳಗೆ ಕೆಡುತ್ತದೆ. ಮೊದಲ ಇನ್ನೂರು ಕಿಲೊಮೀಟರ್ ನಿಧಾನ ಓಡಿಸಿ, ಹೊಸ ರಬ್ಬರಿನ ಮೇಲ್ಮೈ ಜಾರುತ್ತದೆ. ಆಮೇಲೂ ಟಾಯರ್ ಹಿಡಿಯುತ್ತದೆಂದು ಮುಂದಿನ ಕಾರಿಗೆ ಅಂಟಿಕೊಂಡು ಹೋಗಬೇಡಿ. ಟಾಯರ್ ಹೊಸದಾದರೂ ಬ್ರೇಕು ಡ್ರಮ್ಮಿನದೇ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹಳೆಯ ಕಾರಿನಲ್ಲಿ ಹೋಗುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಈ ಸಲ ಹೊರಡುವ ಮೊದಲು ಡಿಕ್ಕಿ ತೆರೆದು ಸ್ಟೆಪ್ನಿಯನ್ನು ಬಿಸಿಲಿಗೆ ತನ್ನಿ. ಪಕ್ಕೆಯ ಧೂಳು ಒರೆಸಿ ಅಂಕಿ ಓದಿ. ಮೂರೇ ಅಂಕಿ ಇದ್ದರೆ ಅದನ್ನು ಮತ್ತೆ ಡಿಕ್ಕಿಯಲ್ಲಿ ಇಡಬೇಡಿ.